ದೇಜಪ್ಪನ ನೀಲಿ ಮತ್ತು ಕೆನಡಾದ ಬೆಕ್ಕು

ಉಚ್ಚಿಲದ ಕಡಲ ಬದಿಯಲ್ಲಿ ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದ ದೇಜಪ್ಪನನ್ನು ಜನ ನೀಲಿ ದೇಜಪ್ಪ ಎಂದೇ ಕರೆಯುತ್ತಿದ್ದರು. ಕೆಂಪು, ಹಳದಿ, ಬಿಳಿಯನ್ನು ಯಾರು ಬೇಕಾದರೂ ಡಬ್ಬದಿಂದ ತೆಗೆದು ಬಳಿಯಬಹುದು. ಅವನ ನೀಲಿ ಮಾತ್ರ ಯಾವ ಅಂಗಡಿಯ ಡಬ್ಬದಲ್ಲೂ ಸಿಗುತ್ತಿರಲಿಲ್ಲ. ಅಂಗಡಿಯ ನೀಲಿಗೆ ಒಂದಿಷ್ಟು ಬಿಳಿ, ಬೆರಳ ತುದಿಯಷ್ಟು ಹಸಿರು, ಮತ್ತೆ ಏನೋ ಒಂದು ಸೇರಿಸಿ ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸುತ್ತಿದ್ದ. ಎಷ್ಟೆಷ್ಟು ಎಂದು ಕೇಳಿದವರಿಗೆ, "ಕಣ್ಣು ಹೇಳಿದಷ್ಟು" ಎನ್ನುತ್ತಿದ್ದ. ಆ 'ಏನೋ ಒಂದು' ಏನೆಂದು ಹೆಂಡತಿ ಕಮಲಳಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅದು ಏನೂ ಅಲ್ಲ. ಬೆನ್ನು ತಿರುಗಿಸಿ ಖಾಲಿ ಚಮಚ ಅಲ್ಲಾಡಿಸುತ್ತಿದ್ದ, ಅಷ್ಟೇ. ಕಸುಬಿನಲ್ಲಿ ಒಂದು ಗುಟ್ಟು ಇದೆ ಎಂದು ಜನ ನಂಬದಿದ್ದರೆ ಗೌರವ ಕೊಡುವುದಿಲ್ಲ ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ.

ಅಪ್ಪನಿಂದ ಬಂದದ್ದು ಇನ್ನೊಂದಿತ್ತು. ದೋಣಿಯ ಮೂತಿಯ ಎರಡೂ ಬದಿಗೆ ಒಂದೊಂದು ಕಣ್ಣು ಬರೆಯುವುದು. ಊರಿನಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ, ಅದು ಆ ಮನೆಯ ಕ್ರಮ. ಎಲ್ಲ ಬಣ್ಣ ಒಣಗಿದ ಮೇಲೆ ದೋಣಿಯ ಯಜಮಾನ ಎದುರು ಬಂದು ನಿಂತು, ವೀಳ್ಯದೆಲೆ ಕೊಟ್ಟು, "ತೆರೆ" ಎನ್ನಬೇಕು. ಹಾಗೆನ್ನುವವರೆಗೆ ದೇಜಪ್ಪ ಕುಂಚ ಮುಟ್ಟುತ್ತಿರಲಿಲ್ಲ. ಒಮ್ಮೆ ಯಜಮಾನನೊಬ್ಬ ಮುಂಬಯಿಯಿಂದ ಬರುವುದು ತಡವಾಗಿ ಅವನ ದೋಣಿ ಹನ್ನೊಂದು ದಿನ ಕುರುಡಾಗಿ ಮರಳಿನ ಮೇಲೆ ಕುಳಿತಿತ್ತು.

ಎರಡು ಸಾವಿರದ ಇಸವಿಯ ಸುಮಾರಿಗೆ, ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ದೇಜಪ್ಪ ಹೆಂಡತಿಯ ಜೊತೆ ಸಾಬೂನಿನ ವಿಷಯಕ್ಕೆ ಜಗಳ ತೆಗೆದ. ಅವನ ಬಿಳಿ ಪಂಚೆ ಬೆಳ್ಳಗಾಗುತ್ತಲೇ ಇರಲಿಲ್ಲ. ಕಮಲ ಬೆಳಗಾದರೆ ಬುಟ್ಟಿ ಹೊತ್ತು ಕಾಪು ಪೇಟೆಯಲ್ಲಿ ಮೀನು ಮಾರಿ ಬರುವವಳು, ಅವಳಿಗೆ ಪಂಚೆಯ ಚಿಂತೆ ಮಾಡಲು ಪುರುಸೊತ್ತಿಲ್ಲ. ಆದರೂ ಮೂರು ಬಗೆಯ ಸಾಬೂನು ಬದಲಿಸಿದಳು. ಆಮೇಲೆ ಬಟ್ಟೆಗೆ ಹಾಕುವ ನೀಲಿಯ ಸೀಸೆ ತಂದಳು. ಗಂಡ ಸಾಲದು ಸಾಲದು ಎಂದ ಹಾಗೆ ನೀಲಿ ಹಾಕಿದಳು. ಪಂಚೆ ಪೂರ್ತಿ ಆಕಾಶದ ಬಣ್ಣಕ್ಕೆ ತಿರುಗಿದ ದಿನ ದೇಜಪ್ಪ ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಈಗ ಬೆಳ್ಳಗಾಯಿತು ನೋಡು" ಎಂದ. ಕಮಲ ಪಂಚೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಬುಟ್ಟಿ ಎತ್ತಿಕೊಂಡು ಹೊರಟುಹೋದಳು.

ದೇಜಪ್ಪನಿಗೂ ಒಳಗೊಳಗೇ ಗೊತ್ತಾಗಿತ್ತು. ಲೋಕದ ಮೇಲೆಲ್ಲ ಯಾರೋ ಎಣ್ಣೆ ಸವರಿದ ಹಾಗೆ ಹಳದಿ ಕವಿಯುತ್ತಿತ್ತು. ಅವನ ಪಾತ್ರೆಯ ನೀಲಿಯೂ ಹಸಿರು ಹೊಡೆಯುತ್ತಿತ್ತು. ಅವನು ಮೊದಲು ಹಸಿರು ಹಾಕುವುದನ್ನು ನಿಲ್ಲಿಸಿದ. ಮತ್ತೂ ಹಸಿರೇ ಕಂಡಾಗ ಒಂದು ಚಮಚ ಕೆಂಪು ಹಾಕಿದ, ಮರುವರ್ಷ ಎರಡು ಚಮಚ. ಹಾಗೆ ಹಾಕಿದಾಗ ಅವನ ಕಣ್ಣಿಗೆ ನೀಲಿ ಸರಿಯಾಗಿ ಹಳೆಯ ನೀಲಿಯೇ ಆಗಿ ಕಾಣುತ್ತಿತ್ತು. ಆಸ್ಪತ್ರೆಗೆ ಹೋಗಿ ತೋರಿಸಬಹುದಿತ್ತು ಎಂದು ನೀವು ಹೇಳಬಹುದು. ಕಣ್ಣಿನ ಡಾಕ್ಟರರ ಬಾಗಿಲಲ್ಲಿ ಚೀಟಿ ಹಿಡಿದು ಕುಳಿತ ಬಣ್ಣಗಾರನನ್ನು ಊರಿನ ಒಬ್ಬನೇ ಒಬ್ಬ ನೋಡಿದರೂ ಸಾಕು, ಸಂಜೆಯೊಳಗೆ ಉಚ್ಚಿಲದಿಂದ ಪಡುಬಿದ್ರಿಯವರೆಗೆ ಸುದ್ದಿ. ಆಮೇಲೆ ಕೈಯಿಂದ ಕುಂಚ ತೆಗೆದುಕೊಳ್ಳುತ್ತಾರೆ. ಮರ್ಯಾದೆಯಿಂದಲೇ ತೆಗೆದುಕೊಳ್ಳುತ್ತಾರೆ, "ನೀನು ಇನ್ನು ಆರಾಮ ಮಾಡು" ಎನ್ನುತ್ತಾರೆ. ಕುಂಚ ಹೋದರೆ ನೀಲಿ ದೇಜಪ್ಪ ಬರಿಯ ದೇಜಪ್ಪ.

ಹೀಗೆ ಮೂರು ವರ್ಷ ಕಳೆದು, ಎರಡು ಸಾವಿರದ ಮೂರನೆಯ ಇಸವಿಯ ಮಳೆಗಾಲದ ಹೊತ್ತಿಗೆ ಅವನು ಕಾಪುವಿನ ಸೈಬರ್ ಸೆಂಟರಿಗೆ ಕಾಲಿಟ್ಟ. ಅದು ಕಮಲಳ ತಮ್ಮ ಜಿತೇಂದ್ರನದ್ದು. ಜಿತೇಂದ್ರ ಮಸ್ಕತ್ತಿನಲ್ಲಿ ದುಡಿಯುತ್ತಿದ್ದ, ಇಲ್ಲಿ ನಾಲ್ಕು ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವಳು ಕಾರ್ಕಳದಿಂದ ಬಸ್ಸು ಬದಲಿಸಿಕೊಂಡು ಬರುತ್ತಿದ್ದ ಆನಿ. ಇಪ್ಪತ್ತೈದರ ಹುಡುಗಿ, ಮಾತು ಕಡಿಮೆ. ದೇಜಪ್ಪ ಬಂದದ್ದು ಭಾವಮೈದುನನ ಜೊತೆ ಇಂಟರ್ನೆಟ್ಟಿನಲ್ಲಿ ಮಾತಾಡಲು. ಲೈನು ಸಿಗುವವರೆಗೆ ಪಕ್ಕದ ಪರದೆಯಲ್ಲಿ ಆನಿ ಮಾಡುತ್ತಿದ್ದ ಕೆಲಸ ನೋಡಿದ. ರೆಕ್ಕೆ ಇರುವ, ಆರು ಕಾಲಿನ ಒಂದು ಬೆಕ್ಕಿಗೆ ಅವಳು ಬಣ್ಣ ಹಚ್ಚುತ್ತಿದ್ದಳು.

"ಇದು ಯಾರ ಬೆಕ್ಕು?" ಎಂದು ಕೇಳಿದ.

"ಕೆನಡಾದವರದ್ದು."

"ಜೀವ ಉಂಟಾ ಇದಕ್ಕೆ?"

"ಇಲ್ಲ. ಆದರೆ ಊಟ ಹಾಕದಿದ್ದರೆ ಸೊರಗುತ್ತದೆ."

ದೇಜಪ್ಪ ತಲೆಯಾಡಿಸಿದ. ಅದರಲ್ಲಿ ಅವನಿಗೆ ವಿಚಿತ್ರ ಅನ್ನಿಸಲಿಲ್ಲ, ದೋಣಿಗಳೂ ಹಾಗೆಯೇ. ಆನಿ ವಿವರಿಸಿದಳು. ಇಂಟರ್ನೆಟ್ಟಿನಲ್ಲಿ ಇಂಥ ಪ್ರಾಣಿ ಸಾಕುವ ಜಾಗ ಉಂಟು, ಎಲ್ಲರಿಗೂ ಮೊದಲಿಗೆ ಒಂದೇ ನಮೂನೆಯ ಬೂದು ಬೆಕ್ಕು ಕೊಡುತ್ತಾರೆ, ತಮ್ಮದು ಬೇರೆಯಾಗಿ ಕಾಣಬೇಕು ಎನ್ನುವವರು ಬಣ್ಣ ಬದಲಿಸಿಕೊಡಿ ಎಂದು ಕೇಳುತ್ತಾರೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಳು ಬದಲಿಸಿಕೊಡುತ್ತಾಳೆ. ಇಷ್ಟು ಹೇಳಿ ಅವಳು ಪರದೆಯ ಮೂಲೆಯಲ್ಲಿ ಮೂರು ಅಂಕಿ ಒತ್ತಿದಳು. ಬೆಕ್ಕಿನ ಬಾಲದ ಬಣ್ಣ ಬದಲಾಯಿತು.

"ಅದೆಂತ ನಂಬ್ರ?"

"ಬಣ್ಣದ್ದು. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು. ಒಂದೊಂದಕ್ಕೆ ಸೊನ್ನೆಯಿಂದ ಇನ್ನೂರ ಐವತ್ತೈದರವರೆಗೆ. ಲೋಕದಲ್ಲಿ ಇರುವ ಎಲ್ಲ ಬಣ್ಣಕ್ಕೂ ನಂಬ್ರ ಉಂಟು."

ದೇಜಪ್ಪನ ಕಿವಿ ನೆಟ್ಟಗಾಯಿತು. "ಕಣ್ಣಿನಿಂದ ನೋಡಬೇಕಂತ ಇಲ್ಲ?"

"ನಂಬ್ರ ಗೊತ್ತಿದ್ದರೆ ಇಲ್ಲ."

ಮಸ್ಕತ್ತಿನ ಲೈನು ಸಿಕ್ಕಿತು. ಜಿತೇಂದ್ರ ಹಲೋ ಹಲೋ ಎಂದು ಐದು ನಿಮಿಷ ಕೂಗಿ ಲೈನು ಬಿಟ್ಟ. ದೇಜಪ್ಪ ಕುರ್ಚಿ ಎಳೆದುಕೊಂಡು ಆನಿಯ ಪಕ್ಕ ಕುಳಿತುಬಿಟ್ಟಿದ್ದ.

ಮರುದಿನದಿಂದ ಕಲಿಕೆ ಶುರು. ದೋಣಿಗಳೆಲ್ಲ ಮೇಲೆ ಬಂದು ಕುಳಿತ ಕಾಲ, ಕೆಲಸ ಶುರುವಾಗಲು ಇನ್ನೂ ದಿನ ಇತ್ತು. ಊಟ ಮುಗಿಸಿ ಬಸ್ಸು ಹತ್ತಿದರೆ ಸಂಜೆಯವರೆಗೆ ಅಲ್ಲೇ. ಇಲಿಯಂಥ ಆ ಮೌಸು ಮೊದಲು ಅವನ ಕೈಗೆ ಬಗ್ಗಲಿಲ್ಲ. ಅವನು ಅದನ್ನು ಪಾತ್ರೆಯಲ್ಲಿ ಅದ್ದುವವನಂತೆ ಎತ್ತಿ ಎತ್ತಿ ಇಡುತ್ತಿದ್ದ. ಗೆರೆಗೆ ಒಂದು ಪದರ, ನೆರಳಿಗೆ ಒಂದು ಪದರ, ಬಣ್ಣಕ್ಕೆ ಒಂದು ಪದರ, ಒಂದನ್ನು ಮುಟ್ಟಿದರೆ ಇನ್ನೊಂದು ಕೆಡುವುದಿಲ್ಲ ಎಂದು ಆನಿ ಹೇಳಿದಾಗ ಅವನಿಗೆ ತಕ್ಷಣ ಅರ್ಥವಾಯಿತು. ತಪ್ಪಿದ್ದನ್ನು ಎರಡು ಗುಂಡಿ ಒತ್ತಿ ಹಿಂದಕ್ಕೆ ತೆಗೆದುಕೊಳ್ಳಬಹುದು ಎಂಬುದು ಮಾತ್ರ ಅರ್ಥವಾಗಲಿಲ್ಲ. ಅರ್ಧ ದಿನ ಬೇಕೆಂದೇ ತಪ್ಪು ಮಾಡಿ ಹಿಂದಕ್ಕೆ ತೆಗೆದ. "ಕಡಲಿನಲ್ಲಿ ಇದೊಂದು ಇಲ್ಲ" ಎಂದ.

ಎರಡನೆಯ ವಾರ ಬಕೀಟಿನ ಪಾಠ ಬಂತು. ಪರದೆಯ ಮೇಲಿನ ಪುಟ್ಟ ಬಕೀಟನ್ನು ಬೆಕ್ಕಿನ ಕಿವಿಯೊಳಗೆ ಒತ್ತಿದರೆ ಕಿವಿಯಷ್ಟೇ ಬಣ್ಣ ತುಂಬಬೇಕು. ಆನಿ ಒತ್ತಿದಾಗ ಬಣ್ಣ ಕಿವಿಯಿಂದ ಹೊರಬಿದ್ದು ಪರದೆ ಇಡೀ ಕೆಂಪಾಯಿತು. ಯಾಕೆಂದು ತಿಳಿಯದೆ ಅವಳು ತಲೆ ಕೆರೆದುಕೊಂಡಳು. ದೇಜಪ್ಪ ಮುಂದೆ ಬಗ್ಗಿ, "ಸಂದಿ ಉಂಟು" ಎಂದ. ಹಳೆಯ ಮರದ ದೋಣಿಗಳ ಹಲಗೆಯ ಸಂದಿಗೆ ಹತ್ತಿಯ ಬತ್ತಿ ತುರುಕಿ ರಾಳ ಬಳಿದವನು ಅವನು. ಗೆರೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. ಕಿವಿಯ ಬುಡದಲ್ಲಿ ಸಾಸಿವೆಯಷ್ಟು ಒಂದು ಚೌಕ ಬಿಟ್ಟುಹೋಗಿತ್ತು. ಅದನ್ನು ಮುಚ್ಚಿದ ಮೇಲೆ ಬಣ್ಣ ಕಿವಿಯೊಳಗೇ ನಿಂತಿತು. ಅಂದಿನಿಂದ ಆನಿ ಅವನನ್ನು ದೇಜಪ್ಪಣ್ಣ ಎಂದು ಕರೆಯತೊಡಗಿದಳು. ಅವನೂ ಯಾವ ಬೆಕ್ಕು ಬಂದರೂ ಮೊದಲು ಅದರ ಹೊಟ್ಟೆ, ಕಾಲು, ಬಾಲದ ಸುತ್ತ ಒಂದು ಬಾರಿ ಸಂದಿ ಹುಡುಕಿ, "ನೀರು ಬರುವುದಿಲ್ಲ" ಎಂದು ಖಾತರಿ ಹೇಳಿದ ಮೇಲೆಯೇ ಬಣ್ಣಕ್ಕೆ ಕೈ ಹಾಕುತ್ತಿದ್ದ.

ಬಣ್ಣ ಹಾಕಿದ್ದಾದರೂ ಹೇಗೆ. ಬೆಕ್ಕಿನ ಹೊಟ್ಟೆಯಿಂದ ಕೆಳಗೆ ಕಡುಗೆಂಪು, ಯಾಕೆಂದರೆ ನೀರಿನೊಳಗೆ ಇರುವ ಭಾಗಕ್ಕೆ ಯಾವಾಗಲೂ ಕೆಂಪೇ. ಅದರ ಮೇಲೆ ಒಂದು ಬಿಳಿ ಗೆರೆ, ನೀರು ಎಲ್ಲಿಯವರೆಗೆ ಬರುತ್ತದೆ ಎಂದು ತಿಳಿಯಲು. ಮೇಲಿನದ್ದು ಯಜಮಾನರ ಇಷ್ಟ. ಪಕ್ಕೆಯ ಮೇಲೆ ನೋಂದಣಿ ನಂಬ್ರ, ಬಾಲದ ಬುಡದಲ್ಲಿ ಊರಿನ ಹೆಸರು. ಇದು ಬೆಕ್ಕು, ಈಜುವುದಿಲ್ಲ ಎಂದು ಆನಿ ಹೇಳಿದಳು. ಇವತ್ತು ಈಜುವುದಿಲ್ಲ ಎಂದು ದೇಜಪ್ಪ ಒಪ್ಪಿಕೊಂಡ. ಅವಳು ಹೆದರಿಕೊಂಡೇ ಕಳಿಸಿದಳು. ಕೆನಡಾದ ಹೆಂಗಸು, ಮೇಬಲ್ ಎಂದು ಅವಳ ಹೆಸರು, ಇದು ಯಾವ ಹೊಸ ತಳಿ ಎಂದು ಕೇಳಿ ಬರೆದಳು. ಅವಳ ಗೆಳತಿಯರಿಗೂ ಅದೇ ಬೇಕಾಯಿತು.

ಆದರೆ ಕಣ್ಣಿನ ವಿಷಯಕ್ಕೆ ದೇಜಪ್ಪ ಪಟ್ಟು ಹಿಡಿದ. ಯಜಮಾನರು "ತೆರೆ" ಎನ್ನದೆ ಕಣ್ಣು ಇಡುವುದಿಲ್ಲ. ಆನಿ ಇಂಗ್ಲಿಷಿನಲ್ಲಿ ಹಾಗೆಂದು ಬರೆದಳು. ಹದಿನೇಳು ಬೆಕ್ಕುಗಳು ಕೆಂಪು ಹೊಟ್ಟೆ ಹೊತ್ತು, ಕಣ್ಣಿಲ್ಲದ ಖಾಲಿ ಮುಖದಲ್ಲಿ ಪರದೆಯ ಮೇಲೆ ಸಾಲಾಗಿ ಕಾಯುತ್ತಾ ಕುಳಿತವು. ಅಲ್ಲಿಯವರಿಗೆ ರಾತ್ರಿ ಆದಾಗ ಇಲ್ಲಿ ಹಗಲು. ಹಾಗಾಗಿ ಹಿಂದಿನ ರಾತ್ರಿ ಬಂದದ್ದನ್ನು ಮಧ್ಯಾಹ್ನ ದೇಜಪ್ಪ ಬಂದೊಡನೆ ಆನಿ ಓದುವಳು, "ಮೇಬಲ್ ತೆರೆ ಎಂದಿದ್ದಾರೆ." ದೇಜಪ್ಪ, "ವೀಳ್ಯದೆಲೆ?" ಎನ್ನುವನು. ಕೆನಡಾದಲ್ಲಿ ವೀಳ್ಯದೆಲೆ ಸಿಗುವುದಿಲ್ಲ ಎಂದು ಮೇಬಲ್ ಒಂದು ಹಸಿರು ಎಲೆಯ ಚಿತ್ರ ಕಳಿಸಿದಳು. ಅದು ಯಾವ ಮರದ್ದೋ. ದೇಜಪ್ಪ ಬಹಳ ಯೋಚಿಸಿ, ದೂರದವರಲ್ವಾ ಎಂದು ಸ್ವೀಕರಿಸಿದ. ಮೊದಲ ಬೆಕ್ಕಿಗೆ ಕಣ್ಣು ಇಟ್ಟ ದಿನ ಸೈಬರ್ ಸೆಂಟರಿನ ಹೊಸ್ತಿಲ ಮೇಲೆ ತೆಂಗಿನಕಾಯಿ ಒಡೆಯಲಾಯಿತು. ನೀರು ಹಾರಿ ಎರಡನೆಯ ಕಂಪ್ಯೂಟರಿನ ಕೀಲಿಮಣೆಗೆ ಬಿದ್ದು, ಅದರಲ್ಲಿ ಕೆಲವು ಅಕ್ಷರಗಳು ಆಮೇಲೆ ಯಾವಾಗಲೂ ಅಂಟುತ್ತಿದ್ದವು.

ಈ ಕೆಲಸಕ್ಕೆ ಪ್ರತಿಫಲವಾಗಿ ಬರುತ್ತಿದ್ದದ್ದು ಮೀನು, ಬೆಕ್ಕುಗಳಿಗೆ ಹಾಕುವ ಪರದೆಯ ಮೀನು. ಕಮಲ ಇದನ್ನು ಕೇಳಿ ಬುಟ್ಟಿ ಕೆಳಗಿಟ್ಟಳು.

"ಯಾವ ಮೀನು?"

"ಹೆಸರಿಲ್ಲ."

"ಬೂತಾಯಿಯಾ ಬಂಗುಡೆಯಾ?"

"ಎರಡೂ ಅಲ್ಲ ಮಾರಾಯ್ತಿ. ಮೀನಿನ ಹಾಗೆ ಉಂಟು."

"ಮೂವತ್ತು ವರ್ಷ ಮೀನು ಮಾರಿದ್ದೇನೆ, ಹೆಸರಿಲ್ಲದ ಮೀನನ್ನು ನಾನು ನೋಡಿಲ್ಲ" ಎಂದು ಹೇಳಿ ಅವಳು ಒಳಗೆ ಹೋದಳು. ಒಂದು ಗಳಿಗೆ ಬಿಟ್ಟು ಹೊರಗೆ ಬಂದು, "ಕೊಳೆಯುವುದಿಲ್ಲವಾ ಅದು?" ಎಂದು ಕೇಳಿದಳು. ಇಲ್ಲ ಎಂದಾಗ ಸ್ವಲ್ಪ ಅಸೂಯೆಯೇ ಆಯಿತು.

ಊರಿನವರಿಗೆ ಇದು ನಗೆಯ ವಿಷಯ. ಆದರೆ ದೇಜಪ್ಪನಿಗೆ ಅದರಲ್ಲಿ ಆಟ ಏನೂ ಇರಲಿಲ್ಲ. ಅವನು ಬೆಕ್ಕನ್ನು ನೋಡುತ್ತಲೇ ಇರಲಿಲ್ಲ, ಮೂಲೆಯ ಅಂಕಿಗಳನ್ನು ನೋಡುತ್ತಿದ್ದ. ಪರದೆಯಲ್ಲಿ ಶಾಯಿ ಹೀರುವ ಕಡ್ಡಿಯಂಥದ್ದು ಒಂದಿದೆ. ಅದನ್ನು ಯಾವ ಜಾಗದ ಮೇಲೆ ಒತ್ತಿದರೂ ಆ ಬಣ್ಣದ ಅಂಕಿ ಬರುತ್ತದೆ. ಆ ಕಡ್ಡಿಯೇ ಅವನ ಕಣ್ಣಾಯಿತು. ನೂರಾರು ಬಣ್ಣದ ಅಂಕಿ ಬಾಯಿಪಾಠ ಮಾಡಿದ. ಇಷ್ಟು ಕಲಿತರೆ ಕೊನೆಯವರೆಗೆ ಯಾರಿಗೂ ಗೊತ್ತಾಗದೆ ಕುಂಚ ಹಿಡಿಯಬಹುದು ಎಂದು ಅವನ ಲೆಕ್ಕಾಚಾರ.

ಆ ಲೆಕ್ಕಾಚಾರ ಉಡುಪಿಯಲ್ಲಿ ಮುರಿದುಬಿತ್ತು. ದೋಣಿಗಳ ಕೆಲಸಕ್ಕೆ ಹತ್ತು ದಿನ ಇರುವಾಗ ಅವನು ರೊಸಾರಿಯೊ ಎಂಬವರ ಬಣ್ಣದ ಅಂಗಡಿಗೆ ಹೋಗಿ, "ನಲವತ್ತು, ನೂರ ಹತ್ತು, ನೂರ ತೊಂಬತ್ತು. ಎಂಟು ಲೀಟರು" ಎಂದ. ಕಂಪ್ಯೂಟರಿನಲ್ಲಿ ಆನಿಯಿಂದ ಒಳ್ಳೆಯ ನೀಲಿ ಎಂದು ಬರೆಸಿಕೊಂಡ ಅಂಕಿ ಅದು.

ರೊಸಾರಿಯೊ ಕನ್ನಡಕ ಏರಿಸಿ, "ಇದು ಎಂತ, ಫೋನ್ ನಂಬ್ರವಾ?" ಎಂದರು. ಅವರ ಅಂಗಡಿಯಲ್ಲಿ ಬಣ್ಣ ಕಲಸುವ ಹೊಸ ಮೆಶಿನ್ನು ಬಂದಿತ್ತು, ಅದಕ್ಕೆ ಅದರದೇ ಬೇರೆ ನಂಬ್ರಗಳು. ದೇಜಪ್ಪ ತನ್ನ ನಂಬ್ರ ಹೇಳಿದ, ಅವರು ತಮ್ಮ ನಂಬ್ರ ಹೇಳಿದರು. ಅರ್ಧ ಗಂಟೆ ಇಬ್ಬರೂ ನಂಬ್ರದಲ್ಲೇ ಜಗಳವಾಡಿದರು. ಕೊನೆಗೆ ರೊಸಾರಿಯೊ ಬಣ್ಣಗಳ ಚೀಟಿಪುಸ್ತಕ ಬಿಡಿಸಿ, "ನಂಬ್ರ ಬಿಡಿ, ಇದರಲ್ಲಿ ಯಾವುದು ಎಂದು ಕಣ್ಣಲ್ಲಿ ನೋಡಿ ಹೇಳಿ" ಎಂದರು. ದೇಜಪ್ಪ ಪುಸ್ತಕ ಮುಚ್ಚಿ, ಛತ್ರಿ ತೆಗೆದುಕೊಂಡು ಇಳಿದು ಬಂದ. ಬಸ್ಸಿನಲ್ಲಿ ಅವನಿಗೆ ಅಳು ಬರುವ ಹಾಗಾಗಿತ್ತು. ಕಲಿತದ್ದೆಲ್ಲ ಬೆಕ್ಕಿಗೆ ಮಾತ್ರ ಆಗುವಂಥದ್ದು. ಆ ವರ್ಷವೂ ಪಾತ್ರೆಯಲ್ಲಿ ಕಣ್ಣು ಹೇಳಿದಷ್ಟು ಕಲಸಿದ. ಕೆಂಪು ನಾಲ್ಕು ಚಮಚ ಹೋಯಿತು.

ದೇಜಪ್ಪ ದೋಣಿಯ ಬಣ್ಣಗಾರ, ಅವನ ನೀಲಿ ಹೆಸರುವಾಸಿ ಎಂದು ಆನಿ ಮೇಬಲಳಿಗೆ ಬರೆದಿದ್ದಳು. ಡಿಸೆಂಬರಿನಲ್ಲಿ ಕಂಪ್ಯೂಟರಿಗೆ ಅವಳ ಕಾಗದ ಬಂತು. ಈ ಗೆರೆ, ಈ ಕೆಂಪು ಹೊಟ್ಟೆ, ಇದೆಲ್ಲ ಎಲ್ಲಿಂದ ಬಂತು, ನಿಮ್ಮ ದೋಣಿಗಳನ್ನು ತೋರಿಸಿ, ನನ್ನ ಎರಡನೆಯ ಬೆಕ್ಕಿಗೆ ನಿಮ್ಮ ಊರಿನ ಆ ನೀಲಿಯನ್ನೇ ಹಾಕಿ ಎಂದಿದ್ದಳು. ದೇಜಪ್ಪನಿಗೆ ಕೋಡು ಮೂಡಿತು. ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಆನಿ ಸೈಬರ್ ಸೆಂಟರಿನ ಕ್ಯಾಮೆರಾ ಹಿಡಿದು ಉಚ್ಚಿಲಕ್ಕೆ ಬಂದಳು. ಮರಳಿನ ಮೇಲಿನ ದೋಣಿಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದಳು. ಏನೋ ಕೇಳಲು ಬಾಯಿ ತೆರೆದವಳು, ಕಮಲ ತನ್ನನ್ನೇ ನೋಡುತ್ತಿರುವುದನ್ನು ಕಂಡು ಬಾಯಿ ಮುಚ್ಚಿದಳು. ಫೋಟೋ ತೆಗೆದಳು, ಮೀನು ಊಟ ಮಾಡಿದಳು, ಹೋದಳು.

ಸೋಮವಾರ ಪರದೆಯ ಮೇಲೆ ಫೋಟೋ ಬಂತು. ದೇಜಪ್ಪ ತಾನೇ ಕಡ್ಡಿ ಹಿಡಿದು, ಮೊದಲು ತೆಂಗಿನ ಮರದ ಕೆಳಗೆ ಮಗುಚಿ ಹಾಕಿದ್ದ ಹಳೆಯ ದೋಣಿಯ ಮೇಲೆ ಒತ್ತಿದ. ತೊಂಬತ್ತೆಂಟರಲ್ಲಿ ಬಣ್ಣ ಕಂಡದ್ದು ಅದು, ಆಮೇಲೆ ನೀರಿಗೆ ಇಳಿದಿಲ್ಲ. ಕೆಂಪು ನಲವತ್ತನಾಲ್ಕು, ಹಸಿರು ನೂರ ಎಂಟು, ನೀಲಿ ನೂರ ಎಂಬತ್ತು. ಸರಿ. ಆಮೇಲೆ ಎರಡು ವರ್ಷದ ಹಿಂದೆ ಬಳಿದ ದೋಣಿ. ಕೆಂಪು ಎಂಬತ್ತು. ಅವನು ಮತ್ತೆ ಒತ್ತಿದ, ಎಂಬತ್ತೇ. ಈ ವರ್ಷದ್ದು ದೇವದಾಸನ ದೋಣಿ, ಊರಿನ ದೋಣಿಯವರ ಸಂಘಕ್ಕೆ ಅಧ್ಯಕ್ಷನಾದವನದ್ದು. ಕೆಂಪು ನೂರ ಇಪ್ಪತ್ತೆಂಟು, ಹಸಿರು ನಲವತ್ತು.

ಕಣ್ಣು ಸುಳ್ಳು ಹೇಳಬಹುದು, ಆದರೆ ಈ ಅಂಕಿಗಳನ್ನು ದೇಜಪ್ಪ ಆರು ತಿಂಗಳು ಉರುಹೊಡೆದಿದ್ದ. ಅದು ಯಾವ ಬಣ್ಣದ ಅಂಕಿ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಬೆಕ್ಕಿಗೆ ಅದನ್ನೇ ಹಾಕಿದ್ದ.

"ಕ್ಯಾಮೆರಾ ಸರಿ ಇಲ್ಲ" ಎಂದ.

"ಕ್ಯಾಮೆರಾ ಸರಿ ಉಂಟು ದೇಜಪ್ಪಣ್ಣ" ಎಂದಳು ಆನಿ. ಅವಳು ಮೌಸು ತೆಗೆದುಕೊಂಡು ಏನೋ ಮಾಡಿದಳು. "ಈಗ ಹೇಗೆ ಕಾಣುತ್ತದೆ?"

"ಹಾಗೆಯೇ ಉಂಟು."

"ಈಗ?"

"ಹಾಗೆಯೇ. ಎಂತ ಮಾಡುತ್ತಿದ್ದಿ ನೀನು?"

"ಫೋಟೋದ ಮೇಲೆ ಒಂದು ಹಳದಿ ಪದರ ಹಾಕಿದೆ, ಆಮೇಲೆ ತೆಗೆದೆ" ಎಂದಳು. "ನಿಮಗೆ ಗೊತ್ತಾಗಲಿಲ್ಲ. ನನ್ನ ಅಮ್ಮನಿಗೂ ಹೀಗೇ ಆಗಿತ್ತು. ಕಣ್ಣಿನ ಪೊರೆ. ಆಪರೇಷನ್ ಮಾಡಿಸಿದರೆ ಹೋಗುತ್ತದೆ."

ದೇಜಪ್ಪ ಎದ್ದು, ಚಪ್ಪಲಿ ಹಾಕುವುದನ್ನೂ ಮರೆತು ಬಸ್ಸು ಹತ್ತಿದ. ಮನೆಯ ಹಿಂದೆ ಕಮಲ ಮೀನು ಕೊಚ್ಚುತ್ತಿದ್ದಳು. ಅವನು ಎದುರು ಕುಳಿತ.

"ದೋಣಿಗಳು ಎಂತ ಬಣ್ಣ?"

ಕಮಲ ಕತ್ತಿ ನಿಲ್ಲಿಸಲಿಲ್ಲ. "ನೀಲಿ."

"ಕಮಲ, ನನಗೆ ನಂಬ್ರ ಗೊತ್ತಾಗಿದೆ."

ಆಗ ಕತ್ತಿ ನಿಂತಿತು. "ನೇರಳೆ" ಎಂದಳು. "ಮೂರು ವರ್ಷದಿಂದ. ಈ ಸಲದ್ದಂತೂ ಬದನೆಕಾಯಿ."

"ಯಾರಿಗೆಲ್ಲ ಗೊತ್ತುಂಟು?"

"ಯಾರಿಗೆ ಗೊತ್ತಿಲ್ಲ ಎಂದು ಕೇಳಿ."

ಒಂದೊಂದಾಗಿ ಎಲ್ಲ ಹೊರಬಂತು. ಮೊದಲ ವರ್ಷವೇ ಭಜನಾ ಮಂದಿರದಲ್ಲಿ ಮೀಟಿಂಗ್ ಆಗಿತ್ತು. ಧ್ವನಿವರ್ಧಕ ರಿಪೇರಿಯ ನಂತರ ಮೂರನೆಯ ವಿಷಯ ದೇಜಪ್ಪನ ನೀಲಿ. ಯಾರೂ ಅವನಿಗೆ ಹೇಳಬಾರದು, ಅವನು ಏನು ಕಲಸುತ್ತಾನೋ ಅದು ನೀಲಿ ಎಂದು ದೇವದಾಸನೇ ಠರಾವು ಬರೆಸಿ ಎಲ್ಲರ ಸಹಿ ಹಾಕಿಸಿದ್ದ. ಗಂಗಾವತಿ ಕಡೆಯಿಂದ ದುಡಿಯಲು ಬಂದು ದೋಣಿ ಎಳೆಯುತ್ತಿದ್ದ ಹುಸೇನಪ್ಪ ಮೊದಲ ದಿನವೇ, "ಇದು ನೇರಳಿ ಐತಲ್ರೀ" ಎಂದುಬಿಟ್ಟಿದ್ದ. ಅವನನ್ನು ಪಕ್ಕಕ್ಕೆ ಕರೆದು, ಇಲ್ಲಿ ಇದಕ್ಕೆ ನೀಲಿ ಎನ್ನುತ್ತಾರೆ ಎಂದು ಕಲಿಸಿದ್ದರು. ಪಾಪ ಅವನು ಕರಾವಳಿಯ ಕನ್ನಡವೇ ಹಾಗಿರಬೇಕು ಎಂದುಕೊಂಡು ಊರಿಗೆ ಹೋದಾಗಲೂ ನೇರಳೆ ಹಣ್ಣಿಗೆ ನೀಲಿ ಹಣ್ಣು ಎನ್ನುತ್ತಿದ್ದನಂತೆ. ಕಡಲ ಬದಿಯ ಮಕ್ಕಳು ಶಾಲೆಯಲ್ಲಿ ಬಣ್ಣದ ಪಾಠ ತಪ್ಪು ಬರೆದು ಬಂದಾಗ ತಾಯಂದಿರು ಬೈಯದೆ ಚಕ್ಕುಲಿ ಕೊಟ್ಟಿದ್ದರು. ಶಾಲೆಯ ಟೀಚರು ದೂರು ಹೇಳಲು ಬಂದು, ವಿಷಯ ತಿಳಿದು, ಮರುದಿನದಿಂದ ಆ ಬೀದಿಯವರಿಗೆ ಅದನ್ನೂ ಸರಿ ಎಂದು ಗುರುತು ಹಾಕತೊಡಗಿದ್ದರು.

ದೇಜಪ್ಪನಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ಜನ ಸೇರಿ ತನ್ನನ್ನು ಮಂಗ ಮಾಡಿದರಲ್ಲ ಎಂದು ಎರಡು ದಿನ ಕಡಲ ಬದಿಗೇ ಇಳಿಯಲಿಲ್ಲ. ಮೂರನೆಯ ದಿನ ಕಮಲ, "ಮಣಿಪಾಲದ ಆಸ್ಪತ್ರೆಗೆ ಹೋಗುವುದಾ ಬೇಡವಾ?" ಎಂದು ಕೇಳಿದಾಗ ಅಂಗಿ ಹಾಕಿಕೊಂಡು ಹೊರಟ. ಬಚ್ಚಿಡಲು ಇನ್ನು ಏನೂ ಉಳಿದಿರಲಿಲ್ಲ.

ಎರಡು ಕಣ್ಣಿನ ಆಪರೇಷನ್ ಮುಗಿದು ಕಟ್ಟು ಬಿಚ್ಚುವಾಗ ಎರಡು ಸಾವಿರದ ನಾಲ್ಕರ ಮಾರ್ಚ್. ಅವನು ಮೊದಲು ನೋಡಿದ್ದು ಆಸ್ಪತ್ರೆಯ ಗೋಡೆ. ಇಷ್ಟು ಬಿಳಿ ಇರುತ್ತದೆ ಎಂಬುದೇ ಮರೆತುಹೋಗಿತ್ತು. ಆಮೇಲೆ ಬಗ್ಗಿ ತನ್ನ ಪಂಚೆ ನೋಡಿಕೊಂಡ. ಮೂರು ವರ್ಷ ಮದುವೆಗೆ, ಸಾವಿಗೆ, ದೇವಸ್ಥಾನಕ್ಕೆಲ್ಲ ಆಕಾಶದ ಬಣ್ಣದ ಪಂಚೆ ಉಟ್ಟು ತಿರುಗಿದ್ದ ಎಂಬುದು ಆಗ ತಿಳಿಯಿತು. ಕಮಲಳ ಮುಖ ನೋಡಿದ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಅವಳ ಕೂದಲು ಅಷ್ಟು ಬೆಳ್ಳಗಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಊರಿಗೆ ಬಂದು ಕಡಲ ಬದಿಗೆ ಇಳಿದಾಗ ಮಧ್ಯಾಹ್ನ. ತೆಂಗಿನ ಮರದ ಕೆಳಗಿನ ಹಳೆಯದೊಂದು ಬಿಟ್ಟರೆ ಇಪ್ಪತ್ತಾರು ದೋಣಿಗಳು, ಇಪ್ಪತ್ತಾರೂ ನೇರಳೆ. ದೇಜಪ್ಪ ಒಂದೊಂದನ್ನೂ ಉಗುರಿನಿಂದ ಕೆರೆದು ನೋಡಿದ. ಸಂಜೆ ದೇವದಾಸನ ಮನೆಗೆ ಹೋಗಿ, ಈ ಮಳೆಗಾಲದಲ್ಲಿ ಎಲ್ಲವನ್ನೂ ಹೆರೆದು ಹಳೆಯ ನೀಲಿ ಬಳಿದು ಕೊಡುತ್ತೇನೆ, ಕೂಲಿ ಬೇಡ ಎಂದ.

ದೇವದಾಸ ಕೇಳಿಸಿಕೊಂಡು, "ಬೇಡ" ಎಂದ.

"ಯಾಕೆ?"

"ಹೋದ ವರ್ಷ ನಮ್ಮದೊಂದು ದೋಣಿ ಇಂಜಿನ್ ಕೆಟ್ಟು ತೇಲಿ ಹೋಗಿತ್ತಲ್ಲ. ಮಂಗಳೂರು ಕಡೆಯವರು ದೂರದಿಂದ ನೋಡಿದವರೇ ಇದು ಉಚ್ಚಿಲದ್ದು ಎಂದು ಗುರುತು ಹಿಡಿದು ಎಳೆದು ತಂದರು. ಈ ಬಣ್ಣ ಬೇರೆ ಯಾರದ್ದೂ ಇಲ್ಲ. ನಿನ್ನ ಕಣ್ಣು ಸರಿಯಾಯಿತೆಂದು ನಮ್ಮ ದೋಣಿ ಯಾಕೆ ಬದಲಾಗಬೇಕು ಮಾರಾಯ? ನಮಗೆ ನಮ್ಮ ನೀಲಿಯೇ ಬೇಕು. ನೀನು ಬಳಿಯುವುದಾದರೆ ಬಳಿ."

ಮಳೆಗಾಲ ಬಂತು. ದೇಜಪ್ಪ ಪಾತ್ರೆ ಇಟ್ಟು ಕುಳಿತ. ಆಗ ಗೊತ್ತಾಯಿತು, ಅವನಿಗೆ ಆ ಬಣ್ಣ ಕಲಸಲು ಬರುವುದಿಲ್ಲ. ಹೊಸ ಕಣ್ಣಿನಿಂದ ಎಷ್ಟು ಕೆಂಪು ಹಾಕಿದರೂ ಒಮ್ಮೆ ಬೀಟ್‌ರೂಟ್ ಆಗುತ್ತಿತ್ತು, ಒಮ್ಮೆ ಶಾಯಿ ಆಗುತ್ತಿತ್ತು. ಮೂರು ಪಾತ್ರೆ ಬಣ್ಣ ಹಾಳಾಯಿತು. ಕೆಟ್ಟ ಕಣ್ಣು ಇಟ್ಟುಕೊಂಡು ಉಳಿಸಿಕೊಂಡಿದ್ದ ಕುಂಚ ಒಳ್ಳೆಯ ಕಣ್ಣಿನಿಂದ ಹೋಗುತ್ತದೆಯೋ ಎಂದು ಹೆದರಿ ಕಾಪುವಿಗೆ ಓಡಿದ. ಆನಿಯ ಮುಂದೆ ದೇವದಾಸನ ದೋಣಿಯ ಫೋಟೋ ತೆರೆಸಿ, "ಅವತ್ತು ಹಾಕಿದೆಯಲ್ಲ, ಆ ಹಳದಿ ಪದರ ಹಾಕು" ಎಂದ. ಅವಳು ಹಾಕಿದಳು. ಈಗ ಅವನಿಗೆ ವ್ಯತ್ಯಾಸ ಕಂಡಿತು. ನೇರಳೆ ದೋಣಿ ಕಣ್ಣೆದುರೇ ಅವನ ಹಳೆಯ ನೀಲಿಯಾಯಿತು. "ಈ ಹಳದಿ ಪೇಟೆಯಲ್ಲಿ ಸಿಗುತ್ತದಾ?" ಎಂದು ಕೇಳಿದ.

ಮರುದಿನ ಬೆಳಿಗ್ಗೆ ಕಡಲ ಬದಿಯಲ್ಲಿ ಜನ ಬಲೆ ಹರಡಿಕೊಂಡು ಕುಳಿತಿದ್ದರು. ದೇಜಪ್ಪ ಬಂದು ದೇವದಾಸನ ದೋಣಿಯ ಮುಂದೆ ಪಾತ್ರೆ ಇಟ್ಟ. ಆಸ್ಪತ್ರೆಯಲ್ಲಿ ಕೊಟ್ಟ ಕನ್ನಡಕಕ್ಕೆ ಸ್ಟೇಷನರಿ ಅಂಗಡಿಯ ಹಳದಿ ಬಣ್ಣದ, ಆಚೆ ಕಾಣುವ ಹೊಳೆಯುವ ಕಾಗದವನ್ನು ಎರಡು ಮಡಿಕೆ ಮಾಡಿ ರಬ್ಬರ್ ಬ್ಯಾಂಡಿನಿಂದ ಕಟ್ಟಿಕೊಂಡಿದ್ದ. ಅಂಗಡಿಯ ನೀಲಿ ಸುರಿದ, ಬಿಳಿ ಸುರಿದ. ಕಾಗದದ ಒಳಗಿಂದ ನೋಡಿದರೆ ಹಸಿರು ಹೊಡೆಯುತ್ತಿತ್ತು. ಒಂದು ಚಮಚ ಕೆಂಪು ಹಾಕಿದ, ಇನ್ನೊಂದು ಹಾಕಿದ, ಕಣ್ಣು ಸಾಕೆನ್ನುವವರೆಗೆ ಹಾಕಿದ.

ಹುಸೇನಪ್ಪ ಬಾಯಿ ತೆರೆದು, "ಇದೇನ್ರೀ ಮಾವಾರ, ಕನ್ನಡಕಕ್ಕ" ಎನ್ನುವಷ್ಟರಲ್ಲಿ ದೇವದಾಸ, "ನೀನು ಬಲೆ ನೋಡು" ಎಂದ. ಹುಸೇನಪ್ಪ ಬಲೆ ನೋಡಿದ.

"ನೀಲಿ ಸರಿ ಬಂತಾ?" ಎಂದು ದೇವದಾಸ ಕೇಳಿದ.

"ಬಂತು" ಎಂದ ದೇಜಪ್ಪ. ಕಾಗದದ ಒಳಗೆ ಕಣ್ಣು ತುಂಬಿ ಏನೂ ಕಾಣದಾಯಿತು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಹಿಂದಕ್ಕೆ ತಿರುಗಿದ. ಮೂವತ್ತು ಜನ ತಲೆ ತಗ್ಗಿಸಿ, ಅವನ ಕಡೆ ಕಣ್ಣೆತ್ತದೆ, ಬಲೆ ಹೊಲಿಯುವುದರಲ್ಲಿ ಮುಳುಗಿದ್ದರು. ಹೊಸ ಕಣ್ಣಿಗೆ ಅಷ್ಟು ದೂರದಿಂದಲೂ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಅವರಲ್ಲಿ ಒಬ್ಬನ ಕೈಯಲ್ಲೂ ಹರಿದ ಬಲೆ ಇರಲಿಲ್ಲ.